ಹಿಟ್ಟಿನ ಕೋಳಿ ಮತ್ತು ಹುಸಿ ಕರೆ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಅಮೃತಮತಿಯ ಪ್ರಣಯದ ಕಥೆಯೆಂದೇ ಹೆಚ್ಚಾಗಿ ಚರ್ಚಿಸಲಾಗಿದೆ. ಆದರೆ ಕಾವ್ಯದ ತಿರುಳಿರುವುದು ಹಿಟ್ಟಿನ ಕೋಳಿಯಲ್ಲಿ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಅದನ್ನು ಕಡಿಯುತ್ತಾನೆ, ಕೋಳಿ ಕೂಗುತ್ತದೆ. ಆ ಸಂಕಲ್ಪಹಿಂಸೆಗಾಗಿ ತಾಯಿ-ಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ.

ಈ ಫಲ ಅತಿಯಾಯಿತೆನ್ನುವವರು ಸಹಾಯವಾಣಿಗಳನ್ನು ನೆನೆಯಬೇಕು. ಬೆನ್ಸನ್ ಟೌನಿಗೆ ಸಮೀಪದ ಪಾಟರಿ ರಸ್ತೆಯ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್, ನಿಮ್ಹಾನ್ಸ್ ಮತ್ತು ರೋಟರಿಯೊಡನೆ ಸೇರಿ 2002ರಲ್ಲಿ ‘ಸಹಾಯ್’ ದೂರವಾಣಿ ಸೇವೆಯನ್ನು ಆರಂಭಿಸಿತು. ನೊಂದವರ ಮಾತನ್ನು ಆಲಿಸುವುದೇ ಇಂಥ ಸೇವೆಯ ಉಸಿರು. ಅಂಥ ಯಾವುದೇ ವಾಣಿಗೆ ಹುಸಿ ಕರೆ ಮಾಡಿ ಹೀಯಾಳಿಸುವವನು, “ತಮಾಷೆಯಷ್ಟೆ, ಯಾರಿಗೇನು ನಷ್ಟ?” ಎನ್ನುತ್ತಾನೆ. ಇದು ಚಂದ್ರಮತಿಯ ವಾದವೇ. ಅದೇ ಕ್ಷಣದಲ್ಲಿ ಸಾವಿನ ಅಂಚಿನಿಂದ ಕರೆದವರಿಗೆ ಸಂಪರ್ಕ ದೊರೆಯದೆ ಹೋಗಬಹುದು.

ಹಾಗೆಂದು ಕರೆಯನ್ನು ನಿಲ್ಲಿಸುವುದೂ ಹಿಂಸೆಯಲ್ಲವೇ? ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ರೋಷದಿಂದ ಬೈದು ನಿಲ್ಲಿಸಿದರೆ ಅದು ಹಿಂಸೆ. ಒಮ್ಮೆ ಎಚ್ಚರಿಸಿ, ಕಷ್ಟವಿದ್ದಾಗ ಮತ್ತೆ ಕರೆಯಿರೆಂದು ತಿಳಿಸಿ ನಿಲ್ಲಿಸಿದರೆ, ಅದು ಕಾದಿರುವವರ ಮೇಲಿನ ಕರುಣೆ. ನಗುವವನೂ ಒಳಗೆ ನೊಂದವನಾಗಿರಬಹುದು. ಬಾಗಿಲು ಮುಚ್ಚಿದರೂ ಅಗುಳಿ ಹಾಕಬಾರದು.

ಯಶೋಧರನಿಗೆ ಸರಿ ಯಾವುದೆಂದು ತಿಳಿದಿತ್ತು. ದಾಕ್ಷಿಣ್ಯಕ್ಕೆ ಸಿಲುಕಿ ತಡೆಯದೆ ಹೋದನು. ನೊಂದವರ ಕೂಟಗಳನ್ನು ನಡೆಸುವ ನಮ್ಮ ಬಸದಿಗಳ ಟ್ರಸ್ಟಿಗಳು ಕಾವ್ಯದ ಈ ಭಾಗವನ್ನು ಮತ್ತೊಮ್ಮೆ ಓದುವುದೊಳಿತು.