ದಪ್ಪ ಕುತ್ತಿಗೆಗೆ ಗಿಡ್ಡ ಕೊಳವೆ

ಶಿಕಾರಿಪುರ, ಸೊರಬದ ಕಡೆ ಲಕ್ವ ಹೊಡೆದವರು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಕ್ರಿಮಿನಾಶಕ ಹೊಟ್ಟೆಗೆ ಹೋದವರು ದಿನಗಟ್ಟಲೆ ವೆಂಟಿಲೇಟರ್ ಬೇಕಾದಾಗ ಸಾಮಾನ್ಯವಾಗಿ ಬಂದು ಸೇರುವುದು ಶಿವಮೊಗ್ಗಕ್ಕೆ. ಹತ್ತು ದಿನ ಕಳೆದರೂ ಸ್ವಂತ ಉಸಿರು ಬರದಿದ್ದರೆ ಡಾಕ್ಟರು ಮನೆಯವರನ್ನು ಐಸಿಯು ಬಾಗಿಲಿಗೆ ಕರೆದು, ‘ಗಂಟಲಿಗೆ ತೂತು ಮಾಡಿ ಪೈಪು ಹಾಕಬೇಕು, ಸಹಿ ಹಾಕಿ’ ಅನ್ನುತ್ತಾರೆ. ‘ಮಾತು ಹೋಗುತ್ತಾ ಸಾರ್?’ ಎಂದು ಮನೆಯವರು ಕೇಳುತ್ತಾರೆ. ರೋಗಿ ದಪ್ಪಗಿದ್ದರೆ ಕೇಳಬೇಕಾದ್ದು ಇನ್ನೊಂದಿದೆ.

ಇಂದು ಐಸಿಯುಗಳಲ್ಲಿ ಹೆಚ್ಚಾಗಿ ನಡೆಯುವುದು ಸಿಯಾಗ್ಲಿಯಾ ಎಂಬ ಸರ್ಜನ್ 1985ರಲ್ಲಿ ಪ್ರಕಟಿಸಿದ ವಿಧಾನ ಅಥವಾ ಅದರ ಸುಧಾರಿತ ರೂಪ. ಆಪರೇಷನ್ ಥಿಯೇಟರ್ ಬೇಡ, ಹಾಸಿಗೆಯಲ್ಲೇ ಆಗುತ್ತದೆ. ಶ್ವಾಸನಾಳದ ಉಂಗುರಗಳನ್ನು ಬೆರಳಿನಿಂದ ಎಣಿಸಿ, ಎರಡನೆಯದೋ ಮೂರನೆಯದೋ ಸಂದಿನಲ್ಲಿ ಸೂಜಿ ಚುಚ್ಚುತ್ತಾರೆ. ಸಲೈನ್ ತುಂಬಿದ ಸಿರಿಂಜಿನಲ್ಲಿ ಗಾಳಿಗುಳ್ಳೆ ಎದ್ದರೆ ಸೂಜಿ ನಾಳದಲ್ಲಿದೆ ಎಂದರ್ಥ. ಆಮೇಲೆ ತಂತಿ ಇಳಿಸಿ, ಅದರ ಮೇಲೆ ದಾರಿ ಹಿಗ್ಗಿಸಿ, ಕೊಳವೆ ಕೂರಿಸುತ್ತಾರೆ. ತೆಳ್ಳಗಿನವರಲ್ಲಿ ನಿಜಕ್ಕೂ ಅಚ್ಚುಕಟ್ಟಾದ ಕೆಲಸ. ದಪ್ಪ ಕುತ್ತಿಗೆಯಲ್ಲಿ ಬೆರಳು ಹೂತುಹೋಗುತ್ತದೆ, ಉಂಗುರ ಸಿಗುವುದಿಲ್ಲ. ಶ್ವಾಸನಾಳದ ಒಳಗೆ ನೋಡುವ ಬ್ರಾಂಕೊಸ್ಕೋಪಿನ ಬೆಳಕನ್ನು ಒಳಗಿನಿಂದ ಹಾಯಿಸಿದರೂ ಚರ್ಮದ ಮೇಲೆ ಮಿಣುಕುವುದಿಲ್ಲ.

ಹಾಗಾದರೆ ದಪ್ಪಗಿರುವವರಿಗೆ ಈ ವಿಧಾನ ಸುರಕ್ಷಿತವೇ? ಜರ್ಮನಿಯ ಬೈಹಾನ್ ಮತ್ತು ಸಂಗಡಿಗರು 2005ರಲ್ಲಿ ಕೊಟ್ಟ ಲೆಕ್ಕದಲ್ಲಿ ಸ್ಥೂಲಕಾಯದವರಲ್ಲಿ ಶೇ. 43.8ರಷ್ಟು, ಉಳಿದವರಲ್ಲಿ ಶೇ. 18.2ರಷ್ಟು ತೊಡಕುಗಳು ಕಂಡವು. ಗಂಭೀರ ತೊಡಕು ಸುಮಾರು ಐದು ಪಟ್ಟು. ಆಮೇಲೆ ಬಂದ ಕೆಲವು ವರದಿಗಳು ಅಷ್ಟೇನೂ ವ್ಯತ್ಯಾಸವಿಲ್ಲ ಎಂದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಬೈಹಾನ್ ಸ್ಥೂಲಕಾಯವೆಂದು ಎಣಿಸಿದ್ದು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 27.5ರಿಂದ; ಬೇರೆಯವರು 30ರಿಂದಲೋ 35ರಿಂದಲೋ ಎಣಿಸಿದ್ದಾರೆ. ಮೇಲಾಗಿ ಬಿಎಂಐ ಇಡೀ ಮೈಯ ಅಳತೆ. ಹೊಟ್ಟೆ ದೊಡ್ಡದಾಗಿ ಕುತ್ತಿಗೆ ಸಣ್ಣಗಿರುವವರು ನಮ್ಮಲ್ಲಿ ಎಷ್ಟು ಜನ ಬೇಕು! ಚುಚ್ಚುವವನಿಗೆ ಬೇಕಾದ ಲೆಕ್ಕ ಚರ್ಮದಿಂದ ಶ್ವಾಸನಾಳಕ್ಕೆ ಎಷ್ಟು ಆಳ ಎಂಬುದು. ಅಲ್ಟ್ರಾಸೌಂಡ್ ಹಿಡಿದರೆ ಎರಡು ನಿಮಿಷದ ಕೆಲಸ.

ಇಂಥ ಅಧ್ಯಯನಗಳ ಮೇಲೆ ನನ್ನ ದೊಡ್ಡ ತಕರಾರು ಬೇರೆ. ಅವುಗಳ ಗಮನವೆಲ್ಲ ಚುಚ್ಚುವ ಆ ಅರ್ಧ ಗಂಟೆಯ ಮೇಲೆ. ದಪ್ಪ ರೋಗಿಗೆ ಅಪಾಯ ಕಾದಿರುವುದು ಅದರ ನಂತರದ ರಾತ್ರಿಗಳಲ್ಲಿ. ಮಾಮೂಲಿ ಕೊಳವೆಯ ಉದ್ದ ಸಾಮಾನ್ಯ ಕುತ್ತಿಗೆಯ ಅಳತೆಗೆ ಮಾಡಿದ್ದು. ದಪ್ಪ ಕುತ್ತಿಗೆಯಲ್ಲಿ ಅದರ ಬಹುಪಾಲು ಕೊಬ್ಬಿನಲ್ಲೇ ಖರ್ಚಾಗಿ, ತುದಿ ಮಾತ್ರ ನಾಳದೊಳಗೆ ಇಣುಕಿರುತ್ತದೆ. ರೋಗಿಯನ್ನು ಮಗ್ಗುಲು ಹೊರಳಿಸಿದಾಗ ಮಾಂಸದ ಜೊತೆ ಕೊಳವೆಯೂ ಸರಿದು ಆಚೆ ಬರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಮೊದಲ ವಾರ ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೊರಬಂದ ಕೊಳವೆಯನ್ನು ಒತ್ತಿ ತುರುಕಿದರೆ ಅದು ನಾಳದ ಮುಂದಿನ ಮಾಂಸದೊಳಗೆ ಹೋಗುತ್ತದೆ. ಆಗ ಬಾಯಿಯ ಮೂಲಕವೇ ಪೈಪು ಹಾಕಿ ಜೀವ ಉಳಿಸಬೇಕು. ಬ್ರಿಟನ್ನಿನ ಅರಿವಳಿಕೆ ತಜ್ಞರು 2011ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಪರಿಶೀಲನೆ ಐಸಿಯುಗಳಲ್ಲಿ ಎತ್ತಿ ತೋರಿಸಿದ್ದೂ ಸರಿದುಬಿದ್ದ ಕೊಳವೆಗಳನ್ನೇ, ಅದರಲ್ಲೂ ಸ್ಥೂಲಕಾಯದವರಲ್ಲಿ. ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫ್ ಬಳಸದಿದ್ದದ್ದು ಅನೇಕ ಸಾವುಗಳಿಗೆ ಒಂದು ಕಾರಣವಾಗಿತ್ತು.

ಆದ್ದರಿಂದ ನನ್ನ ತೀರ್ಮಾನ: ಉದ್ದದ ಅಥವಾ ಉದ್ದ ಹೊಂದಿಸಬಹುದಾದ ಕೊಳವೆ, ಅಲ್ಟ್ರಾಸೌಂಡ್, ಬ್ರಾಂಕೊಸ್ಕೋಪ್, ರಾತ್ರಿಯೂ ಕ್ಯಾಪ್ನೋಗ್ರಾಫ್, ಪಳಗಿದ ಕೈ ಇರುವಲ್ಲಿ ದಪ್ಪ ರೋಗಿಗೂ ಈ ವಿಧಾನ ಒಪ್ಪುವಂಥದ್ದು. ಅವು ಇಲ್ಲದಲ್ಲಿ ಥಿಯೇಟರಿನಲ್ಲಿ ಇಎನ್‌ಟಿ ಸರ್ಜನ್ ತೆರೆದು ಮಾಡುವುದೇ ಮೇಲು. ಅಲ್ಲೂ ಗಿಡ್ಡ ಕೊಳವೆ ಗಿಡ್ಡವೇ. ಅವಸರವಂತೂ ಬೇಡ. 2013ರಲ್ಲಿ ಬಂದ ಬ್ರಿಟನ್ನಿನ ಟ್ರ್ಯಾಕ್‌ಮ್ಯಾನ್ ಅಧ್ಯಯನದಲ್ಲಿ ನಾಲ್ಕು ದಿನದೊಳಗೆ ಮಾಡಿದರೂ ಹತ್ತು ದಿನ ಕಾದರೂ ಸಾವಿನ ಪ್ರಮಾಣ ಬದಲಾಗಲಿಲ್ಲ. ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ತೂತು ಮಾಡಲೇ ಇಲ್ಲ.

ಸಹಿ ಹಾಕುವ ಮೊದಲು ಕೊಳವೆಯ ಉದ್ದ ಕೇಳಿ. ಕೊಳವೆಯೊಂದಿಗೇ ಊರಿಗೆ ಕಳಿಸುವುದಾದರೆ ಅದರ ಹೆಸರು, ಅಳತೆ, ಹಾಕಿದ ದಿನ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ, ಅದೇ ಅಳತೆಯ ಇನ್ನೊಂದನ್ನು ಚೀಲದಲ್ಲಿಟ್ಟುಕೊಳ್ಳಿ. ನಡುರಾತ್ರಿ ಸೊರಬದ ಮೆಡಿಕಲ್ ಶಾಪಿನಲ್ಲಿ ಹುಡುಕುವ ಸಾಮಾನಲ್ಲ ಅದು.