‘ಇರಬಹುದು’ ಮತ್ತು ‘ಇರಲೇಬೇಕು’: ಒಂದು ತೀರ್ಪಿನ ವಿಮರ್ಶೆ

ಕಾದಂಬರಿ, ನಾಟಕಗಳ ವಿಮರ್ಶೆ ಬರುವ ಪುಟದಲ್ಲಿ ನ್ಯಾಯಾಲಯದ ತೀರ್ಪಿಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಆದರೆ ತೀರ್ಪೂ ಒಂದು ಬರವಣಿಗೆಯೇ. ಅದರಲ್ಲಿ ಪಾತ್ರಗಳಿವೆ, ಘಟನೆಗಳಿವೆ, ವಾದವಿದೆ. ಕೊನೆಯ ವಾಕ್ಯದ ಮೇಲೆ ಒಬ್ಬನ ಪ್ರಾಣವೂ ನಿಂತಿರುತ್ತದೆ. ವಕೀಲರು ‘ಸಾರ್ದಾ ಪ್ರಕರಣ’ ಎಂದು ಕರೆಯುವ, 1984ರ ಜುಲೈ 17ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಅಂಥದು. ಸಾಂದರ್ಭಿಕ ಸಾಕ್ಷ್ಯದ ಮಾತು ಬಂದಾಗಲೆಲ್ಲ ನಮ್ಮ ನ್ಯಾಯಾಲಯಗಳು ಇಂದಿಗೂ ಅದನ್ನು ಉದ್ಧರಿಸುತ್ತವೆ.

ಸಂಗತಿ ಇಷ್ಟು. 1982ರ ಫೆಬ್ರವರಿಯಲ್ಲಿ ಮದುವೆಯಾಗಿ ಪುಣೆಯಲ್ಲಿ ಸಂಸಾರ ಹೂಡಿದ ಯುವತಿಯೊಬ್ಬಳು ಅದೇ ವರ್ಷ ಜೂನ್ 11-12ರ ರಾತ್ರಿ ತೀರಿಕೊಂಡಳು. ಸಾವಿಗೆ ಕಾರಣ ಪೊಟ್ಯಾಸಿಯಂ ಸಯನೈಡ್. ವಿಷ ಕೊಟ್ಟದ್ದನ್ನಾಗಲಿ ತಾನೇ ಕುಡಿದದ್ದನ್ನಾಗಲಿ ಕಂಡವರಿಲ್ಲ. ಪುಣೆಯ ಸೆಷನ್ಸ್ ನ್ಯಾಯಾಲಯ ಗಂಡನಿಗೆ ಗಲ್ಲು ಶಿಕ್ಷೆ ವಿಧಿಸಿತು. ಬೊಂಬಾಯಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಪೀಲಿನಲ್ಲಿ ನ್ಯಾಯಮೂರ್ತಿಗಳಾದ ಮುರ್ತಜಾ ಫಜಲ್ ಅಲಿ, ಎ. ವರದರಾಜನ್ ಮತ್ತು ಸಬ್ಯಸಾಚಿ ಮುಖರ್ಜಿ ಅವನನ್ನು ಬಿಡುಗಡೆ ಮಾಡಿದರು.

ಎರಡು ನ್ಯಾಯಾಲಯಗಳು ಗಲ್ಲಿಗೆ ಯೋಗ್ಯನೆಂದವನನ್ನು ಮೂರನೆಯದು ಮನೆಗೆ ಕಳಿಸುವುದೆಂದರೇನು? ಉತ್ತರ ಫಜಲ್ ಅಲಿಯವರು ಹೇಳಿದ ಐದು ನಿಯಮಗಳಲ್ಲಿದೆ. 1952ರ ಹನುಮಂತ ಪ್ರಕರಣದ ತೀರ್ಪನ್ನು ತಳಹದಿಯಾಗಿಟ್ಟುಕೊಂಡು ಅವರು ಇವನ್ನು ‘ಪಂಚಶೀಲ’ವೆಂದು ಕರೆದರು. ಒಂದು, ತೀರ್ಮಾನಕ್ಕೆ ಆಧಾರವಾದ ಪ್ರತಿ ಸಂಗತಿಯೂ ಪೂರ್ಣ ರುಜುವಾತಾಗಿರಬೇಕು. ಎರಡು, ಆ ಸಂಗತಿಗಳು ಆರೋಪಿಯ ಅಪರಾಧಕ್ಕಷ್ಟೇ ಹೊಂದಬೇಕು. ಮೂರು, ಅವು ನಿರ್ಣಾಯಕವಾಗಿರಬೇಕು. ನಾಲ್ಕು, ಬೇರೆ ಯಾವ ಊಹೆಗೂ ಎಡೆಯಿರಬಾರದು. ಐದು, ಸಾಕ್ಷ್ಯದ ಸರಪಣಿ ನಡುವೆ ಎಲ್ಲಿಯೂ ಕಡಿಯದೆ, ಈ ಕೃತ್ಯ ಆರೋಪಿಯದೇ ಎಂದು ತೋರಿಸಬೇಕು.

‘ಇರಬಹುದು’ ಎಂಬುದಕ್ಕೂ ‘ಇರಲೇಬೇಕು’ ಎಂಬುದಕ್ಕೂ ನಡುವಿನ ದಾರಿ ಬಹಳ ದೂರದ್ದೆಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1973ರಲ್ಲಿ ಹೇಳಿದ್ದರು. ಈ ತೀರ್ಪು ಅದನ್ನು ನೆನೆಯುತ್ತದೆ. ಸರ್ಕಾರಿ ಕಡತಗಳ ನಡುವೆ ಬದುಕುವ ನನ್ನಂಥವರಿಗೆ ಈ ಮಾತು ಬೇಗ ತಟ್ಟುತ್ತದೆ. ಕೆಳಗಿನವರು ‘ಇರಬಹುದು’ ಎಂದು ಬರೆದದ್ದು ಮೂರು ಮೇಜು ದಾಟುವಷ್ಟರಲ್ಲಿ ‘ಇದೆ’ ಎಂದಾಗಿರುತ್ತದೆ. ಕಡತದಲ್ಲಾದರೆ ಹೆಚ್ಚೆಂದರೆ ಒಂದು ಬಡ್ತಿ ತಪ್ಪೀತು. ಇಲ್ಲಿ ಕುತ್ತಿಗೆಗೆ ಹಗ್ಗ ಬೀಳುತ್ತದೆ.

ವಿಷಪ್ರಯೋಗದ ಮೊಕದ್ದಮೆಗೆ ತೀರ್ಪು ಇನ್ನೂ ನಾಲ್ಕು ಅಂಶಗಳನ್ನು ಕೇಳುತ್ತದೆ: ಆರೋಪಿಗೆ ಸ್ಪಷ್ಟ ಉದ್ದೇಶವಿತ್ತೇ, ಸಾವು ವಿಷದಿಂದಲೇ ಆಯಿತೇ, ವಿಷ ಅವನ ಬಳಿ ಇತ್ತೇ, ಕೊಡಲು ಅವಕಾಶವಿತ್ತೇ. ಮೂರನೆಯದು ಇಲ್ಲಿ ಸಾಬೀತಾಗಲಿಲ್ಲ. ರಸಾಯನಶಾಸ್ತ್ರ ದೇಹದಲ್ಲಿ ಸಯನೈಡ್ ಇದೆಯೆಂದು ಹೇಳಬಲ್ಲದು. ಅದು ಯಾರ ಕೈಯಿಂದ ಬಂತೆಂದು ಯಾವ ಪರೀಕ್ಷಾನಳಿಕೆಯೂ ಹೇಳದು. ಆರೋಪಿ ಸುಳ್ಳು ಹೇಳಿದನೆಂದು ಇಟ್ಟುಕೊಂಡರೂ, ಸುಳ್ಳು ಇಡಿಯಾಗಿರುವ ಸರಪಣಿಗೆ ಮತ್ತೊಂದು ಕೊಂಡಿಯಾದೀತೇ ಹೊರತು ಕಡಿದ ಸರಪಣಿಯನ್ನು ಕೂಡಿಸದು. ತೀರ್ಪಿನ ಅತ್ಯಂತ ಗಟ್ಟಿಯಾದ ಭಾಗ ಇದೇ.

ಆದರೆ ಮೃತಳ ಕಾಗದಗಳ ವಿಷಯಕ್ಕೆ ಬಂದಾಗ ನನಗೆ ಅಷ್ಟು ಸಮಾಧಾನವಿಲ್ಲ. ಆಕೆ ಸೋದರಿಗೂ ಗೆಳತಿಗೂ ತನ್ನ ದಾಂಪತ್ಯದ ಸಂಕಟವನ್ನು ಬರೆದಿದ್ದಳು. ತನ್ನ ಸಾವಿನ ಕಾರಣದ ಬಗೆಗೆ ಸತ್ತವರು ಹೇಳಿದ ಮಾತನ್ನು 1872ರ ಸಾಕ್ಷ್ಯ ಅಧಿನಿಯಮದ 32ನೆಯ ಕಲಮು ಸ್ವೀಕರಿಸುತ್ತಿತ್ತು; 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ವಿಧಿ ಉಳಿದಿದೆ. ಈ ಕಾಗದಗಳು ಅದರಡಿ ಸಲ್ಲುತ್ತವೆಂದು ಫಜಲ್ ಅಲಿ, ಸಲ್ಲುವುದಿಲ್ಲವೆಂದು ವರದರಾಜನ್. ಮುಖರ್ಜಿಯವರು ಎಚ್ಚರಿಕೆಯ ಮಾತಿನೊಡನೆ ಮೊದಲನೆಯವರ ಕಡೆಗೆ ನಿಂತರು. ಸಲ್ಲುತ್ತವೆಂದ ಮೇಲೆ ಅವೇ ಆರೋಪಿಗೆ ನೆರವಾದವು: ಹೆಂಗಸು ಬಹಳ ನೊಂದಿದ್ದಳು, ಅತಿ ಭಾವುಕಳು, ಆತ್ಮಹತ್ಯೆಯ ಸಂಭವವನ್ನು ತಳ್ಳಿಹಾಕಲಾಗದು.

‘ಇರಬಹುದು’ ಸಾಲದೆಂದ ನ್ಯಾಯಾಲಯವೇ ಇಲ್ಲಿ ‘ಇರಬಹುದು’ ಎಂದು ಬಿಟ್ಟುಬಿಟ್ಟಿತಲ್ಲ ಎಂದು ಕೇಳುವವರುಂಟು. ಆಕ್ಷೇಪಣೆ ನಿಲ್ಲದು. ಶಿಕ್ಷಿಸಬೇಕೆನ್ನುವ ಸರ್ಕಾರ ‘ಇರಲೇಬೇಕು’ ಎಂದು ತೋರಿಸಬೇಕು. ಆರೋಪಿಗೆ ನ್ಯಾಯವಾದ ಒಂದು ‘ಇರಬಹುದು’ ಸಾಕು. ತಕ್ಕಡಿ ಬೇಕೆಂದೇ ಒಂದು ಕಡೆಗೆ ವಾಲಿದೆ. ನನ್ನ ತಕರಾರು ಬೇರೆ. ಸಂಶಯಕ್ಕೆ ಎಡೆಯುಂಟೆಂದು ಹೇಳಿ ನಿಲ್ಲಿಸಬಹುದಾಗಿತ್ತು. ತೀರ್ಪು ಮುಂದುವರಿದು, ಎದುರು ನಿಂತು ಉತ್ತರಿಸಲಾರದ ಹೆಂಗಸಿನ ಮನಸ್ಸಿನ ಚಿತ್ರವನ್ನೇ ಬಿಡಿಸುತ್ತದೆ. ಗಂಡನ ವಿಷಯದಲ್ಲಿ ತೋರಿದ ಬಿಗಿಯನ್ನು ಅಲ್ಲಿ ಕಾಣೆ. ಅವಳ ಕಾಗದದ ನೋವಿಗೆ ಕಾರಣ ಅವಳ ಸ್ವಭಾವವೋ, ಅವಳಿದ್ದ ಮನೆಯೋ ಎಂಬ ಪ್ರಶ್ನೆಯ ಮುಂದೆ ಓದುಗ ಒಬ್ಬನೇ ಉಳಿಯುತ್ತಾನೆ.

ಈ ಕೊರತೆಯನ್ನು ತುಂಬಬೇಕಾದದ್ದು ಶಾಸನ. ಹೆಂಡತಿಗೆ ಕೊಡುವ ಕ್ರೌರ್ಯ ಸ್ವತಃ ಅಪರಾಧವೆಂದು 1983ರಲ್ಲಿ ದಂಡಸಂಹಿತೆಗೆ 498-ಎ ಕಲಮು ಸೇರಿತು. ಮದುವೆಯಾದ ಏಳು ವರ್ಷಗಳೊಳಗಿನ ವರದಕ್ಷಿಣೆ ಸಾವಿಗೆ 1986ರಲ್ಲಿ 304-ಬಿ ಬಂತು. ಹೊಸ ಸಂಹಿತೆಯಲ್ಲಿ ಸಂಖ್ಯೆಗಳು ಬದಲಾದರೂ ಹುರುಳು ಉಳಿದಿದೆ. ಇದೇ ಸರಿಯಾದ ದಾರಿ: ಕೊಲೆಯ ರುಜುವಾತಿನ ಮಟ್ಟವನ್ನು ಇಳಿಸದೆ, ಕೊಲೆಯೆಂದು ತೋರಿಸಲಾಗದ ಕಡೆಯೂ ಹಿಂಸೆಯನ್ನು ವಿಚಾರಿಸುವುದು.

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳ ಫ್ಲಾಟುಗಳಲ್ಲಿ ನೆಲೆಸಿದ ನಮಗೆ ಈ ತೀರ್ಪಿನಿಂದ ಎರಡು ಪಾಠಗಳಿವೆ. ಬಿಡುಗಡೆಯೆಂದರೆ ಸರಪಣಿ ಪೂರ್ತಿಯಾಗಲಿಲ್ಲವೆಂದರ್ಥ; ಅದಕ್ಕಿಂತ ಹೆಚ್ಚಿನ ಅರ್ಥವನ್ನು ಲೋಕಲ್ ಗಾಡಿಯಲ್ಲೋ ಕಟ್ಟಡದ ಮೆಟ್ಟಿಲಲ್ಲೋ ನಾವು ಕಟ್ಟಬಾರದು. ಎರಡನೆಯದು ಮನೆಯ ಪಾಠ. ದೂರದೂರಿಗೆ ಕೊಟ್ಟ ಮಗಳು ಹಿಂದೆ ಕಾಗದ ಬರೆಯುತ್ತಿದ್ದಳು, ಈಗ ಮೊಬೈಲಿನಲ್ಲಿ ನಾಲ್ಕು ಸಾಲು ಕಳಿಸುತ್ತಾಳೆ. ‘ಸ್ವಲ್ಪ ಹೊಂದಿಕೊಳ್ಳಮ್ಮ’ ಎಂದು ಉತ್ತರಿಸುವ ಮೊದಲು ಆ ಸಾಲುಗಳನ್ನು ಎರಡು ಸಲ ಓದೋಣ, ಸಾಧ್ಯವಾದರೆ ಆ ರಾತ್ರಿಯೇ ಗಾಡಿ ಹತ್ತೋಣ. ಮೂವರು ನ್ಯಾಯಮೂರ್ತಿಗಳು ಕೂತು ಅರ್ಥ ಹುಡುಕುವ ಹೊತ್ತಿಗೆ, ಬರೆದವಳನ್ನು ಕೇಳುವುದು ಸಾಧ್ಯವಿರಲಿಲ್ಲ.