ಮನೆಯಲ್ಲಿ ಕಟ್ಟಿದ ವಿಮಾನವನ್ನು ನೋಡುವ ಬಗೆ

ವಿಮಾನವೆಂದೊಡನೆ ನಮ್ಮ ಚಿತ್ತದಲ್ಲಿ ಮೂಡುವುದು ಮಹಾನಗರದ ನಿಲ್ದಾಣವೂ, ನೂರಾರು ಜನರನ್ನು ಹೊತ್ತು ಮೇಘಮಂಡಲವನ್ನು ಸೀಳಿಕೊಂಡು ಹೋಗುವ ಲೋಹದ ಮಹಾಕಾಯವೂ ಆಗಿರುವುದರಿಂದ, ಸಾಮಾನ್ಯ ಗೃಹಸ್ಥನೊಬ್ಬನು ತನ್ನ ಹಿತ್ತಿಲಿನ ಕೊಟ್ಟಿಗೆಯಲ್ಲಿ ಮರ, ಬಟ್ಟೆ, ಅಂಟು, ಹಳೆಯ ಮೋಟಾರುಕಾರಿನ ಎಂಜಿನ್ ಇವಿಷ್ಟನ್ನೇ ಕೂಡಿಸಿ, ಅದರಲ್ಲಿ ತಾನೇ ಕುಳಿತು ಗಗನಕ್ಕೇರುತ್ತಾನೆಂಬ ಸಂಗತಿ ಮೊದಲ ಸಲ ಕೇಳಿದವರಿಗೆ ಅದ್ಭುತರಸದ ವಿಷಯವಾಗಿ ತೋರುವುದು ಸಹಜ. ಆದರೆ ಅದ್ಭುತವು ಬಹುಕಾಲ ನಿಲ್ಲುವ ರಸವಲ್ಲ. ಅದು ಇಳಿದ ಮೇಲೂ ಇಂಥ ಒಂದು ವಿಮಾನದ ಮುಂದೆ, ಅದರಲ್ಲಿಯೂ ಎಷ್ಟೋ ವರ್ಷ ಹಾರಿ, ಹಳತಾಗಿ, ಬಿಚ್ಚಿಸಿಕೊಂಡು ಮತ್ತೆ ಕಟ್ಟಲ್ಪಟ್ಟ ವಿಮಾನದ ಮುಂದೆ, ಇಡೀ ಒಂದು ಅಪರಾಹ್ನವನ್ನು ಕಳೆಯುವಷ್ಟು ಸಾಮಗ್ರಿಯುಂಟು. ಅದನ್ನು ಕಾಣಲು ಹೊಸಬರಿಗೆ ಅನುಕೂಲವಾಗಲೆಂದು ಈ ನಾಲ್ಕು ಮಾತುಗಳು. ಉದಾಹರಣೆಗಾಗಿ ನಾನು ಆರಿಸಿಕೊಂಡಿರುವುದು ಅಮೆರಿಕದ ಪೀಟನ್‌ಪೋಲ್ ಏರ್ ಕ್ಯಾಂಪರ್ ಎಂಬ ಎರಡು ಆಸನಗಳ ವಿಮಾನವನ್ನು.

ಮಿನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಪುಟ್ಟ ಊರಿನ ಬರ್ನಾರ್ಡ್ ಪೀಟನ್‌ಪೋಲ್ ಸ್ವಯಂಶಿಕ್ಷಿತನಾದ ಯಂತ್ರಕುಶಲಿ. ವಿಮಾನಕ್ಕೆಂದೇ ತಯಾರಾದ ಎಂಜಿನ್ ಆ ಕಾಲದಲ್ಲಿ ಶ್ರೀಮಂತರ ಸೊತ್ತಾಗಿತ್ತು. ಫೋರ್ಡ್ ಮಾಡೆಲ್ ಎ ಕಾರಾದರೋ ರೈತರ ಅಂಗಳಗಳಲ್ಲಿಯೂ ನಿಂತಿರುತ್ತಿತ್ತು. ಅದರ ನಾಲ್ಕು ಸಿಲಿಂಡರಿನ, 40 ಅಶ್ವಶಕ್ತಿಯ, ನೀರಿನಿಂದ ತಣಿಯುವ ಎಂಜಿನ್ನನ್ನು ಆತ 1929ರಲ್ಲಿ ತನ್ನ ವಿಮಾನಕ್ಕೆ ಕೂಡಿಸಿ ಹಾರಿಸಿದ. ಕಾರಿನ ಎಂಜಿನ್ ವಿಮಾನಕ್ಕೆ ಒಗ್ಗದೆಂಬ ಅಭಿಪ್ರಾಯವನ್ನು ಮಾಡರ್ನ್ ಮೆಕ್ಯಾನಿಕ್ಸ್ ಪತ್ರಿಕೆಯ ಸಂಪಾದಕ ವೆಸ್ಟನ್ ಫಾರ್ಮರ್ ಪ್ರಕಟಿಸಿದಾಗ, ಪೀಟನ್‌ಪೋಲ್ 1930ರಲ್ಲಿ ಅಂಥ ಎರಡು ವಿಮಾನಗಳನ್ನು ಮಿನಿಯಾಪೊಲಿಸ್ಸಿಗೇ ಹಾರಿಸಿಕೊಂಡು ಹೋಗಿ ಆತನ ಕಣ್ಣೆದುರು ನಿಲ್ಲಿಸಿದ. ಸಂಪಾದಕನು ಒಪ್ಪಿದ, ನಕ್ಷೆಗಳು 1932ರ ಫ್ಲೈಯಿಂಗ್ ಅಂಡ್ ಗ್ಲೈಡರ್ ಮ್ಯಾನ್ಯುಅಲ್‌ನಲ್ಲಿ ಅಚ್ಚಾದವು. ಆ ವಿನ್ಯಾಸವನ್ನು ಅನುಸರಿಸಿ ಇಂದಿಗೂ ಜನ ವಿಮಾನಗಳನ್ನು ಕಟ್ಟುತ್ತಿದ್ದಾರೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಕ್ಷೇಮೇಂದ್ರನು ರಸದ ಜೀವವೆಂದು ಹೇಳಿದ ಔಚಿತ್ಯವೆಂಬ ತತ್ತ್ವವುಂಟಷ್ಟೆ. ಒಂದು ಪದ, ಒಂದು ಅಲಂಕಾರ, ಒಂದು ಗುಣ ತನಗೆ ತಕ್ಕ ಸ್ಥಾನದಲ್ಲಿದ್ದಾಗ ಮಾತ್ರ ಶೋಭಿಸುತ್ತದೆ ಎಂಬ ಆ ವಿಚಾರವನ್ನು ನಾನು ಈ ವಿಮಾನಗಳಿಗೆ ಸಂಕೋಚವಿಲ್ಲದೆ ಅನ್ವಯಿಸುತ್ತೇನೆ. ಏಕೆಂದರೆ ಇಲ್ಲಿ ಒಂದು ಅಂಗವನ್ನು ಬದಲಿಸಿದರೆ ಉಳಿದ ಅಂಗಗಳೆಲ್ಲವೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ, ಮತ್ತು ಆ ಉತ್ತರಗಳನ್ನು ಓದುವುದೇ ರಸಿಕನ ಕೆಲಸ. ಹೊಳೆಯುವ ಬಣ್ಣವನ್ನೂ ನುಣುಪಾದ ಚರ್ಮದ ಆಸನವನ್ನೂ ಕೊನೆಗೆ ನೋಡಿದರೆ ಸಾಕು.

ಮೊದಲು ನೋಡತಕ್ಕದ್ದು ರೆಕ್ಕೆಯನ್ನು ಹೊತ್ತ ಕಂಬಗಳನ್ನು. ಏರ್ ಕ್ಯಾಂಪರಿನ ರೆಕ್ಕೆ ಒಂದೇ. ಅದು ಒಡಲಿಗೆ ನೇರವಾಗಿ ಅಂಟಿಕೊಳ್ಳದೆ, ಚಾಲಕನ ತಲೆಗಿಂತ ಮೇಲೆ, ಕೆಲವು ಕಿರುಗಂಬಗಳ ಆಧಾರದಲ್ಲಿ ಛತ್ರದಂತೆ ನಿಂತಿರುತ್ತದೆ. ಪಕ್ಕಕ್ಕೆ ಸರಿದು ನಿಂತು ನೋಡಿದರೆ ಕೆಲವು ವಿಮಾನಗಳಲ್ಲಿ ಈ ಕಂಬಗಳು ನೆಟ್ಟಗಿರುವುದೂ, ಕೆಲವುದರಲ್ಲಿ ಬಾಲದ ಕಡೆಗೆ ಓರೆಯಾಗಿರುವುದೂ ಕಾಣುತ್ತದೆ. ಈ ಓರೆ ಸೊಗಸಿಗಾಗಿ ಬಂದುದಲ್ಲ. ಮೊದಲ ನಿರ್ಮಾಪಕನು ಭಾರವಾದ ಫೋರ್ಡ್ ಎಂಜಿನ್ನನ್ನೂ ಅದರ ರೇಡಿಯೇಟರು, ನೀರುಗಳನ್ನೂ ಮೂತಿಯಲ್ಲಿ ಇಟ್ಟಿದ್ದನೆಂದು ಭಾವಿಸಿರಿ. ಪುನರ್ನಿರ್ಮಾಣ ಮಾಡುವಾತನು ಅದನ್ನು ತೆಗೆದು, ವಿಮಾನಕ್ಕೆಂದೇ ತಯಾರಾದ, 80 ಕಿಲೋಗ್ರಾಮಿನ ಆಸುಪಾಸಿನ ಕಾಂಟಿನೆಂಟಲ್ ಎಂಜಿನ್ನನ್ನು ಇಟ್ಟನೆಂದರೆ, ಮೂತಿ ಹಗುರವಾಗಿ ಬಾಲ ಭಾರವಾಗುತ್ತದೆ. ಗುರುತ್ವಕೇಂದ್ರವು ಹಿಂದಕ್ಕೆ ಸರಿಯುತ್ತದೆ. ಅದು ಮಿತಿಯನ್ನು ಮೀರಿ ಸರಿದರೆ ವಿಮಾನವು ತಾನಾಗಿ ಸಮಸ್ಥಿತಿಗೆ ಮರಳುವ ಗುಣವನ್ನು ಕಳೆದುಕೊಂಡು ಪ್ರಾಣಾಪಾಯಕ್ಕೆ ಕಾರಣವಾಗುತ್ತದೆ. ಇದಕ್ಕೆ ಪರಿಹಾರ ಎರಡು ಬಗೆ: ಎಂಜಿನ್ನಿನ ಚೌಕಟ್ಟನ್ನು ಉದ್ದಮಾಡಿ ಹಗುರವಾದ ಎಂಜಿನ್ನನ್ನು ಇನ್ನೂ ಮುಂದಕ್ಕೆ ಚಾಚುವುದು, ಇಲ್ಲವೆ ಕಂಬಗಳನ್ನು ಹಿಂದಕ್ಕೆ ವಾಲಿಸಿ ರೆಕ್ಕೆಯನ್ನೇ ಗುರುತ್ವಕೇಂದ್ರದ ಬಳಿಗೆ ಒಯ್ಯುವುದು. ಛತ್ರದಂಥ ರೆಕ್ಕೆಗಿರುವ ಈ ಸೌಲಭ್ಯ ಬೇರೆ ಜಾತಿಯ ವಿಮಾನಗಳಿಗೆ ಸುಲಭವಾಗಿ ಲಭಿಸದು. ಉದ್ದವಾದ ಮೂತಿಯನ್ನೋ ಹಿಂದಕ್ಕೆ ವಾಲಿದ ಕಂಬಗಳನ್ನೋ ಕಂಡಾಗ, ಆ ವಿಮಾನದ ಭಾರಗಣಿತವನ್ನೇ ನೀವು ಕಣ್ಣಾರೆ ಓದುತ್ತಿರುವಿರಿ. ಮರುಕಟ್ಟುವವನ ವಿವೇಕಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಮತ್ತೊಂದು ಇರಲಾರದೆಂದು ನನ್ನ ಎಣಿಕೆ.

ಬಳಿಕ ಎಂಜಿನ್ನಿನ ಬಳಿಗೆ ಬನ್ನಿರಿ. ಫೋರ್ಡ್ ಇದ್ದರೆ ಅದರ ರೇಡಿಯೇಟರ್ ಮೂತಿಯ ಮೇಲೆ ನೆಟ್ಟಗೆ ನಿಂತು ಚಾಲಕನ ನೋಟಕ್ಕೆ ಅಡ್ಡ ಬರುತ್ತದೆ. ಹೊಸಬರಿಗೆ ಅದು ಕುರೂಪವೆನಿಸುವುದುಂಟು. ನನಗಾದರೋ ಅದನ್ನು ಮುಚ್ಚಿ ಮರೆಮಾಡುವ ಪ್ರಯತ್ನಗಳೇ ಕುರೂಪವೆಂದು ತೋರಿವೆ. ಕಾರಿನಲ್ಲಿ ಎಂಜಿನ್ ಪೂರ್ಣಶಕ್ತಿಯಿಂದ ದುಡಿಯುವುದು ಏರುದಾರಿಯಲ್ಲಿ ಕೆಲವು ಕ್ಷಣ ಮಾತ್ರ. ವಿಮಾನದಲ್ಲಿ ಅದು ತನ್ನ ಶಕ್ತಿಯ ಬಹುಭಾಗವನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ಕೊಡಬೇಕು. ಅದಲ್ಲದೆ, ಕಾರಿನಲ್ಲಿ ಕ್ರ್ಯಾಂಕ್‌ಷಾಫ್ಟಿಗೆ ತಿರುಗುವುದಷ್ಟೇ ಮುಖ್ಯ ಧರ್ಮ. ಪ್ರೊಪೆಲ್ಲರನ್ನು ಅದರ ತುದಿಗೆ ಬಿಗಿದೊಡನೆ ಅದು ಇಡೀ ವಿಮಾನವನ್ನು ಮುಂದಕ್ಕೆ ಎಳೆಯುವ ಹೊಣೆಯನ್ನೂ ಹೊರಬೇಕಾಗುತ್ತದೆ. ಆದ್ದರಿಂದ ಫೋರ್ಡ್ ಎಂಜಿನ್ನನ್ನು ಹಿಂದುಮುಂದಾಗಿ ತಿರುಗಿಸಿ, ಫ್ಲೈವೀಲ್ ಇದ್ದ ತುದಿಗೆ ಪ್ರೊಪೆಲ್ಲರನ್ನು ಕೂಡಿಸುತ್ತಾರೆ. ಆ ಎಳೆತವನ್ನು ಯಾವ ಬೇರಿಂಗ್ ತಾಳುತ್ತದೆ, ಅದನ್ನು ಹೇಗೆ ಬಲಪಡಿಸಿದಿರಿ ಎಂದು ಕೇಳಿ ನೋಡಿ. ಕಟ್ಟಿದಾತನ ಮುಖ ಅರಳದಿದ್ದರೆ ಹೇಳಿ.

1960ರ ದಶಕದಲ್ಲಿ ಸ್ವತಃ ಪೀಟನ್‌ಪೋಲ್ ಷೆವ್ರೊಲೆ ಕಾರ್ವೇರ್ ಕಾರಿನ ಎಂಜಿನ್ನಿನ ಕಡೆಗೆ ತಿರುಗಿದ. ಅದು ಗಾಳಿಯಿಂದ ತಣಿಯುವಂಥದು. ಆರು ಸಿಲಿಂಡರುಗಳು ಮೂರು ಮೂರಾಗಿ ಎರಡು ಪಕ್ಕಗಳಲ್ಲಿ ಮಲಗಿರುವಂಥದು. ವಿಮಾನದ ಎಂಜಿನ್ನಿನ ಸಹೋದರನಂತೆಯೇ ಕಾಣುವಂಥದು. ಇಂದಿನ ಪರಿವರ್ತನೆಗಳಲ್ಲಿ ಹೆಚ್ಚಿನವು ಕಾರಿನ ಫ್ಯಾನು ಬೆಲ್ಟುಗಳನ್ನು ಕಿತ್ತುಹಾಕಿ, ಮುಂದಿನಿಂದ ನುಗ್ಗುವ ಗಾಳಿಯನ್ನೇ ತಗಡಿನ ತಡೆಗಳ ಮೂಲಕ ಸಿಲಿಂಡರುಗಳ ನಡುವೆ ಹಾಯಿಸುತ್ತವೆ. ಆ ತಡೆಗಳ ಅಂಚಿನಲ್ಲಿ ಸಂದುಗಳಿಲ್ಲದಿರುವುದನ್ನು ಗಮನಿಸಿರಿ. ಸಂದಿನಲ್ಲಿ ಸೋರಿಹೋದ ಗಾಳಿ ಯಾವ ಸಿಲಿಂಡರನ್ನೂ ತಣಿಸದು. ಈ ಎಂಜಿನ್ನುಗಳಲ್ಲಿ ಕೆಲವುದರ ಕ್ರ್ಯಾಂಕ್‌ಷಾಫ್ಟು ಬಿರುಕುಬಿಟ್ಟ ಅನುಭವದಿಂದ ಜನ ಪಾಠ ಕಲಿತು, ಉಕ್ಕಿನ ಮೇಲ್ಮೈಯನ್ನು ನೈಟ್ರೈಡಿಂಗ್ ವಿಧಾನದಿಂದ ಗಡುಸುಮಾಡಿ, ಮೂಲದ ನಾಲ್ಕು ಬೇರಿಂಗುಗಳಿಗೆ ಐದನೆಯದೊಂದನ್ನು ಪ್ರೊಪೆಲ್ಲರಿನ ಬಳಿ ಸೇರಿಸತೊಡಗಿದರು. ಪುನರ್ನಿರ್ಮಿತವಾದ ಹಳೆಯ ವಿಮಾನದಲ್ಲಿ ಈ ಐದನೆಯ ಬೇರಿಂಗ್ ಇದ್ದರೆ, ಅದನ್ನು ಮರಳಿ ಕಟ್ಟಿದಾತನು ಪರರ ಕಷ್ಟವನ್ನು ಓದಿ ತಿಳಿದವನೆಂದು ಭಾವಿಸಬಹುದು.

ಮರದ ಕೆಲಸವನ್ನು ಅರಿಯಬೇಕಾದರೆ ಬಟ್ಟೆ ಹೊದಿಸುವ ಮುಂಚೆ ನೋಡಬೇಕು. ಸ್ಪ್ರೂಸ್ ಮರದ ತೊಲೆ, ತೆಳುವಾದ ಕಡ್ಡಿಗಳ ಪಕ್ಕೆಲುಬು, ಪ್ರತಿ ಕೀಲಿಗೂ ಪ್ಲೈವುಡ್ಡಿನ ತುಣುಕು. ಹಳೆಯ ಕಾಲದವರು ಹಾಲಿನಿಂದ ತೆಗೆದ ಕೇಸೀನ್ ಅಂಟನ್ನು ಬಳಸುತ್ತಿದ್ದರು. ತೇವ ತಾಗಿದರೆ ಅದಕ್ಕೆ ಬೂಷ್ಟು ಹಿಡಿದು ಬಲ ಕುಂದುತ್ತದೆ. ಆದಕಾರಣ ಹಳೆಯ ಒಡಲನ್ನು ಬಿಚ್ಚಿದಾತನು, ಮೃದಂಗದ ಶ್ರುತಿ ನೋಡುವ ವಾದಕನು ಮುಚ್ಚಿಗೆಯ ಅಂಚನ್ನು ತಟ್ಟುತ್ತ ಕಿವಿಗೊಡುವಂತೆ, ಕೀಲುಕೀಲನ್ನೂ ನಾಣ್ಯದಿಂದ ತಟ್ಟಿ ಆಲಿಸುತ್ತಾನೆ: ಗಟ್ಟಿಯಾದ ಕೀಲಿನ ನಾದ ಖಣಿಲೆನ್ನುತ್ತದೆ, ಅಂಟು ಬಿಟ್ಟುದರ ಧ್ವನಿ ಮಂಕಾಗಿ ಕೇಳುತ್ತದೆ. ಕೆಟ್ಟ ತೊಲೆಯ ಭಾಗವನ್ನು ಕತ್ತರಿಸಿ ಹೊಸ ಮರವನ್ನು ಬೆಸೆಯುವಾಗ ನೇರವಾದ ಕತ್ತರಿಕೆ ಸಲ್ಲದು, ಏಕೆಂದರೆ ಎಳೆಗಳ ತುದಿ ಅಂಟನ್ನು ಹಿಡಿಯದು; ಎರಡನ್ನೂ ಉದ್ದನೆಯ ಓರೆಯಾಗಿ ಹೆರೆದು ಕೂಡಿಸುತ್ತಾರೆ. ಒಂದು ಅಂಗುಲದ ದಪ್ಪಕ್ಕೆ 12 ಅಂಗುಲದ ಓರೆ ಉತ್ತಮವೆಂದು ಅಮೆರಿಕದ ವಿಮಾನ ದುರಸ್ತಿಯ ನಿಯಮಗ್ರಂಥ ಹೇಳುತ್ತದೆ. ಹಳೆಯ ಮರದ ಜೇನುಬಣ್ಣವೂ ಹೊಸದರ ಬಿಳುಪೂ ಒಂದೇ ತೊಲೆಯಲ್ಲಿ ಕೂರಲಗಿನಂಥ ಒಂದು ಗೆರೆಯ ಅತ್ತಿತ್ತ ಸೇರಿರುವ ಆ ಸ್ಥಳ, ಇಡೀ ವಿಮಾನದಲ್ಲಿ ನನಗೆ ಅತ್ಯಂತ ಪ್ರಿಯವಾದುದು. ಇಬ್ಬರು ಕುಶಲಿಗಳು, ಪರಸ್ಪರ ಮುಖವನ್ನೇ ಕಂಡಿರದಿದ್ದರೂ, ಅಲ್ಲಿ ಸಂಧಿಸಿರುತ್ತಾರೆ. ಕೆಲವರು ಎಲ್ಲವನ್ನೂ ಹೊಸದಾಗಿಸಿ ಮೊದಲ ಕೈಯ ಗುರುತನ್ನು ಅಳಿಸಿಬಿಡುತ್ತಾರೆ. ಬಲವಾಗಿ ಉಳಿದಿರುವ ಮರವನ್ನು ಹಾಗೆ ತ್ಯಜಿಸುವುದು ನನಗೆ ಸಮ್ಮತವಲ್ಲ. ಕೆಟ್ಟುದನ್ನು ವಾತ್ಸಲ್ಯದಿಂದ ಉಳಿಸಿಕೊಳ್ಳುವುದಂತೂ ಸರ್ವಥಾ ಸಲ್ಲದು.

ಬಟ್ಟೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಹಿಂದೆ ಹತ್ತಿಯದಿತ್ತು, ಈಗ ಪಾಲಿಯೆಸ್ಟರಿನದು. ರೆಕ್ಕೆಯ ಪಕ್ಕೆಲುಬುಗಳ ಉದ್ದಕ್ಕೂ ಹೊಲಿಗೆಯ ಗಂಟುಗಳು ಸಮದೂರದಲ್ಲಿದ್ದರೆ ಕೈ ನಿಧಾನವಾಗಿ ನಡೆದಿದೆಯೆಂದು ತಿಳಿಯಿರಿ.

ಹಾರಾಟವನ್ನು ಕಿವಿಯಿಂದಲೂ ಆಸ್ವಾದಿಸಬೇಕು. ಫೋರ್ಡಿನ ಪ್ರೊಪೆಲ್ಲರ್ ಆರು ಅಡಿಗೂ ಮಿಕ್ಕ ಮರದ ಅಲಗು. ಅದು ನಿಮಿಷಕ್ಕೆ 2000 ಸುತ್ತಿಗಿಂತ ಕಡಿಮೆ ವೇಗದಲ್ಲಿ ತಿರುಗುವುದರಿಂದ ಒಂದೊಂದು ಸಿಲಿಂಡರಿನ ಬಡಿತವೂ ಬೇರೆಬೇರೆಯಾಗಿ ಕೇಳುವಂತಿರುತ್ತದೆ. ಕಾರ್ವೇರ್ ಚಿಕ್ಕ ಪ್ರೊಪೆಲ್ಲರನ್ನು ಹೆಚ್ಚು ವೇಗವಾಗಿ ತಿರುಗಿಸುತ್ತದೆ; ಅದರ ನಾದ ಸಲೀಸಾದುದು. ಗಂಟೆಗೆ 110 ಕಿಲೋಮೀಟರಿನ ಸುಮಾರಿನಲ್ಲಿ ಸಾಗುವ ವಿಮಾನಕ್ಕೆ ದೊಡ್ಡದಾದ, ನಿಧಾನವಾದ ಅಲಗೇ ಹೆಚ್ಚು ತಕ್ಕುದು. ಆದ್ದರಿಂದಲೇ 40 ಅಶ್ವಶಕ್ತಿಯಲ್ಲಿಯೂ ಇಬ್ಬರು ಮೇಲೇರಬಲ್ಲರು. ಆಸನದ ಬಳಿ ಎಕ್ಸ್‌ಪೆರಿಮೆಂಟಲ್ ಎಂಬ ಪದವನ್ನು ಬರೆದಿರುವುದನ್ನು ಕಂಡು ಅಂಜಬೇಡಿ. ಅಮೆರಿಕದ ಕಾನೂನು ಅದನ್ನು ಬಯಸುತ್ತದೆ. ಎಂಜಿನ್ನನ್ನು ಬದಲಿಸಿದರೆ ವಿಮಾನವು ಮತ್ತೆ ಪರೀಕ್ಷಾ ಹಾರಾಟದ ಅವಧಿಯನ್ನು ದಾಟಿಯೇ ಬರಬೇಕೆಂದೂ ಅದೇ ಕಾನೂನು ವಿಧಿಸಿದೆ.

ಪೀಟನ್‌ಪೋಲ್ 1984ರಲ್ಲಿ ತೀರಿಕೊಂಡ. ಆತನ ವಿಮಾನದ ಕೊಟ್ಟಿಗೆಯನ್ನು ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷಿಗೆ ಸಾಗಿಸಿ, ಅಲ್ಲಿನ ಪಯೊನಿಯರ್ ಏರ್‌ಪೋರ್ಟಿನಲ್ಲಿ ನಿಲ್ಲಿಸಿದ್ದಾರೆ. ಅದೇ ರಾಜ್ಯದ ಬ್ರಾಡ್‌ಹೆಡ್ ಎಂಬಲ್ಲಿ ಜುಲೈ ತಿಂಗಳಲ್ಲಿ ಈ ವಿಮಾನಗಳ ಸಮಾವೇಶ ನಡೆಯುತ್ತದೆ. ಷಿಕಾಗೊ, ಮಿಲ್ವಾಕಿಗಳಲ್ಲಿ ನೆಲಸಿರುವ ನಮ್ಮ ಕನ್ನಡಿಗರಿಗೆ ಅದು ದೂರವಲ್ಲ. ಒಮ್ಮೆ ಹೋಗಿರಿ; ಮಕ್ಕಳನ್ನೂ ಕರೆದುಕೊಂಡು ಹೋಗಿರಿ; ಮುಟ್ಟುವ ಮೊದಲು ಅಪ್ಪಣೆ ಕೇಳಿರಿ. ಬಟ್ಟೆ ಹೊದಿಸದ ರೆಕ್ಕೆಯೊಂದು ತನ್ನ ಕೊಟ್ಟಿಗೆಯಲ್ಲಿದೆಯೆಂದು ಅಲ್ಲಿ ಯಾರಾದರೂ ಕರೆದರೆ, ಆ ದಿನದ ಹಾರಾಟವನ್ನು ಬಿಟ್ಟಾದರೂ ಅದನ್ನು ನೋಡಿ ಬನ್ನಿರಿ.